ಮೂರು ಗೆಲುವಿನಿಂದ ಹದಿಮೂರು ಸೆಕೆಂಡಿನವರೆಗೆ: ಆಬರ್ನ್ ತಂಡದ 2013ರ ಸೀಸನ್

2012ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಆಡಿದ್ದು 12 ಪಂದ್ಯ, ಗೆದ್ದದ್ದು 3. ತನ್ನದೇ ಕಾನ್ಫರೆನ್ಸ್ (ವಿಶ್ವವಿದ್ಯಾಲಯಗಳ ಕೂಟ) ಒಳಗೆ ಎಂಟಕ್ಕೆ ಎಂಟೂ ಸೋಲು. ಮರುವರ್ಷ ಬಹುಪಾಲು ಅದೇ ಹುಡುಗರು 12 ಪಂದ್ಯ ಗೆದ್ದರು, ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಚಾಂಪಿಯನ್ನರಾದರು, ರಾಷ್ಟ್ರೀಯ ಪ್ರಶಸ್ತಿಯ ಪಂದ್ಯದಲ್ಲಿ ಇನ್ನು 13 ಸೆಕೆಂಡ್ ಉಳಿದಿದ್ದಾಗ ಮುನ್ನಡೆ ಕಳೆದುಕೊಂಡು ಸೋತರು.

ಈ ಸೀಸನ್ನಿನ ಮಾತು ಬಂದರೆ ಎಲ್ಲರಿಗೂ ಎರಡೇ ಆಟ ನೆನಪು. ಜಾರ್ಜಿಯಾ ವಿರುದ್ಧ ಎದುರಾಳಿಯ ಕೈಗೆ ತಾಗಿ ಪುಟಿದು ಆಬರ್ನ್ ಆಟಗಾರನ ಕೈಸೇರಿದ ಪಾಸ್ ಒಂದು. ಅಲಬಾಮಾ ವಿರುದ್ಧ ಗುರಿ ಮುಟ್ಟದ ಕಿಕ್ಕನ್ನು ಹಿಡಿದು ಮೈದಾನದ ಉದ್ದಕ್ಕೂ ಓಡಿ ಮುಗಿಸಿದ ಓಟ ಇನ್ನೊಂದು. ಹೀಗಾಗಿ ಇಡೀ ವರ್ಷವನ್ನೇ ಅದೃಷ್ಟದ ಖಾತೆಗೆ ಬರೆದುಬಿಡುವವರು ಹೆಚ್ಚು. ಅದು ಅರ್ಧ ನಿಜ. ಆದರೆ ಆ ವರ್ಷ ಪಂದ್ಯಕ್ಕೆ ಸರಾಸರಿ 328 ಗಜ ಓಡಿ ದೇಶಕ್ಕೇ ಮೊದಲಿಗರಾದ ತಂಡ ಇದು. ಪುಟಿದ ಚೆಂಡಿಗೆ ಮುಂಚೆ ಈ ಓಟ ಹೇಗೆ ಕಟ್ಟಿದ್ದು ಎಂಬುದನ್ನು ನೋಡಬೇಕು. ಅದೇ ತಂಡ ಏಕೆ ಪ್ರತಿ ದೊಡ್ಡ ಪಂದ್ಯವನ್ನೂ ಕೊನೆಯ ನಿಮಿಷದವರೆಗೆ ಎಳೆದುಕೊಂಡು ಹೋಯಿತು ಎಂಬುದನ್ನೂ ನೋಡಬೇಕು.

ಅಮೆರಿಕನ್ ಫುಟ್‌ಬಾಲ್ ನೋಡಿ ಅಭ್ಯಾಸವಿಲ್ಲದವರಿಗೆ ಇಷ್ಟು ಸಾಕು. ತಂಡಕ್ಕೆ 11 ಜನ. ಚೆಂಡು ಇದ್ದವರಿಗೆ ನಾಲ್ಕು ಯತ್ನ, ಅಂದರೆ ನಾಲ್ಕು ಡೌನ್. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಡೌನ್ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಸಾಮಾನ್ಯವಾಗಿ ಮೂರು ಡೌನ್ ಆಡಿ, ಆಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದೆಯುತ್ತಾರೆ (ಇದು ಪಂಟ್), ಇಲ್ಲವೇ ಹತ್ತಿರವಿದ್ದರೆ ಕಂಬಗಳ ನಡುವೆ ಒದ್ದು ಮೂರು ಅಂಕದ ಫೀಲ್ಡ್ ಗೋಲ್‌ಗೆ ಯತ್ನಿಸುತ್ತಾರೆ. ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಅದರ ಮೇಲೊಂದು ಕಿಕ್ ಹೊಡೆದರೆ ಏಳು.

ಕಾನ್ಫರೆನ್ಸ್ ಎಂದರೆ ಒಂದು ಪ್ರದೇಶದ ವಿಶ್ವವಿದ್ಯಾಲಯಗಳ ಕೂಟ. ಸೌತ್‌ಈಸ್ಟರ್ನ್‌ನಲ್ಲಿ 2013ರಲ್ಲಿ 14 ತಂಡಗಳಿದ್ದವು; ಏಳೇಳರಂತೆ ಪೂರ್ವ, ಪಶ್ಚಿಮ ಎಂಬ ಎರಡು ವಿಭಾಗ. ಪ್ರತಿ ತಂಡಕ್ಕೂ ಕಾನ್ಫರೆನ್ಸ್ ಒಳಗೆ 8 ಪಂದ್ಯ: ಸ್ವಂತ ವಿಭಾಗದ ಆರೂ ತಂಡಗಳ ಜೊತೆ ಒಂದೊಂದು, ಆಚೆ ವಿಭಾಗದಿಂದ ಎರಡು. ಆ ಎರಡರಲ್ಲಿ ಒಂದು ಪ್ರತಿವರ್ಷವೂ ಖಾಯಂ, ಆಬರ್ನ್‌ಗೆ ಅದು ಜಾರ್ಜಿಯಾ. ಇನ್ನೊಂದು ಸರದಿಯ ಮೇಲೆ ಬರುತ್ತಿತ್ತು, ಆ ವರ್ಷ ಬಂದದ್ದು ಟೆನೆಸಿ. ಉಳಿದ ನಾಲ್ಕು ಪಂದ್ಯ ಹೊರಗಿನವರೊಂದಿಗೆ. ಎರಡು ವಿಭಾಗಗಳ ಮೊದಲಿಗರು ಡಿಸೆಂಬರ್ ಮೊದಲ ವಾರ ಅಟ್ಲಾಂಟಾದಲ್ಲಿ ಎದುರಾಗುತ್ತಿದ್ದರು. ರಾಷ್ಟ್ರೀಯ ಪ್ರಶಸ್ತಿಗೆ ಆಗ ಪ್ಲೇಆಫ್ ಇರಲಿಲ್ಲ. ಎರಡು ಮತಪಟ್ಟಿ ಮತ್ತು ಕಂಪ್ಯೂಟರ್ ಶ್ರೇಯಾಂಕಗಳ ಸರಾಸರಿ, ಮೂರಕ್ಕೂ ಸಮ ತೂಕ ಕೊಟ್ಟು, ದೇಶದ ಮೊದಲ ಎರಡು ತಂಡಗಳನ್ನು ಆರಿಸುತ್ತಿದ್ದರು. ಒಂದು ಸೋಲು ಬಿದ್ದರೆ ಬೇರೆಯವರ ಸೋಲಿಗೆ ಕಾಯುತ್ತ ಕೂರಬೇಕಾದ ವ್ಯವಸ್ಥೆ. ಆ ಪದ್ಧತಿಯ ಕೊನೆಯ ವರ್ಷ ಅದು.

ಮುರಿದದ್ದು ಏನು

2010ರಲ್ಲಿ ಆಬರ್ನ್ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಕ್ಯಾಮ್ ನ್ಯೂಟನ್ ಕ್ವಾರ್ಟರ್‌ಬ್ಯಾಕ್ (ಪ್ರತಿ ಆಟವನ್ನೂ ಚೆಂಡು ಹಿಡಿದು ನಡೆಸುವವನು), ಜೀನ್ ಚಿಜಿಕ್ ಮುಖ್ಯ ಕೋಚ್, ಆಕ್ರಮಣದ ಹೊಣೆ ಗಸ್ ಮಾಲ್ಜಾನ್ ಕೈಯಲ್ಲಿ. 2011ರ ಕೊನೆಗೆ ಮಾಲ್ಜಾನ್ ಅರ್ಕಾನ್ಸಾ ಸ್ಟೇಟ್‌ಗೆ ಮುಖ್ಯ ಕೋಚ್ ಆಗಿ ಹೋದರು. ಅವರ ನಂತರ ಆಬರ್ನ್ ತನ್ನ ಆಟದ ಶೈಲಿಯನ್ನೇ ಬದಲಾಯಿಸಿ, ವೃತ್ತಿಪರ ಲೀಗಿನ ಮಾದರಿಯ ನಿಧಾನಗತಿಯ ಪಾಸ್ ಆಟಕ್ಕೆ ಕೈಹಾಕಿತು. ಓಡುವ ಕ್ವಾರ್ಟರ್‌ಬ್ಯಾಕ್, ಅಗಲಕ್ಕೆ ಹರಡಿದ ಆಟ, ವೇಗದ ಲಯ ಇವುಗಳಿಗೆಂದು ಆರಿಸಿ ತಂದ ಹುಡುಗರಿಗೆ ಬೇರೆಯದೇ ಪಾಠ. ಫಲ: ಟೆಕ್ಸಸ್ ಎ ಅಂಡ್ ಎಂ ವಿರುದ್ಧ 21-63, ಜಾರ್ಜಿಯಾ ವಿರುದ್ಧ 0-38, ಅಲಬಾಮಾ ವಿರುದ್ಧ 0-49. ಅಲಬಾಮಾ ಪಂದ್ಯದ ಮರುದಿನವೇ ಚಿಜಿಕ್ ಕೆಲಸ ಹೋಯಿತು. ಡಿಸೆಂಬರ್ 4ಕ್ಕೆ ಮಾಲ್ಜಾನ್ ಮುಖ್ಯ ಕೋಚ್ ಆಗಿ ವಾಪಸ್ ಬಂದರು.

ಇಲ್ಲೊಂದು ವಿಷಯ ಗಮನಿಸಬೇಕು. 2012ರ ತಂಡದಲ್ಲಿ ಆಟಗಾರರಿಗೆ ಬರವಿರಲಿಲ್ಲ. ಮುಂಚೂಣಿಯ ತಡೆಗಾರ, ಎಡ ಟ್ಯಾಕಲ್ ಗ್ರೆಗ್ ರಾಬಿನ್ಸನ್, ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸುವ 2014ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ. ಡಿಫೆನ್ಸ್‌ನ ಡೀ ಫೋರ್ಡ್ ಮೊದಲ ಸುತ್ತಿನಲ್ಲೇ ಹೋದ. ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಟ್ರೇ ಮೇಸನ್, ಮುಂಚೂಣಿಯ ತಡೆಗಾರರಾದ ಸೆಂಟರ್ ರೀಸ್ ಡಿಸ್ಮುಕ್ಸ್ ಮತ್ತು ಗಾರ್ಡ್ ಚಾಡ್ ಸ್ಲೇಡ್, ಓಟಗಾರನಿಗೆ ದಾರಿ ಮಾಡಿಕೊಡುವ ಫುಲ್‌ಬ್ಯಾಕ್ ಜೇ ಪ್ರಾಶ್ ಎಲ್ಲರೂ ಅಲ್ಲೇ ಇದ್ದವರು. ಇಲ್ಲದಿದ್ದದ್ದು ಈ ಆಟವನ್ನು ನಡೆಸಬಲ್ಲ ಒಬ್ಬ ಕ್ವಾರ್ಟರ್‌ಬ್ಯಾಕ್. ನಿಕ್ ಮಾರ್ಷಲ್ ಬಂದದ್ದು ಕ್ಯಾನ್ಸಾಸಿನ ಗಾರ್ಡನ್ ಸಿಟಿ ಕಮ್ಯುನಿಟಿ ಕಾಲೇಜಿನಿಂದ. ಅದಕ್ಕೂ ಮುಂಚೆ ಜಾರ್ಜಿಯಾ ತಂಡದಲ್ಲಿ ಡಿಫೆನ್ಸ್ ಆಡುತ್ತಿದ್ದವನು. ವಸಂತಕಾಲದ ಅಭ್ಯಾಸಕ್ಕೆ ಅವನು ಇರಲೇ ಇಲ್ಲ. ಬೇಸಿಗೆಯಲ್ಲಿ ಬಂದು, ಆಗಸ್ಟ್‌ನಲ್ಲಿ ಉಳಿದವರನ್ನು ಹಿಂದಿಕ್ಕಿ ಜಾಗ ಗಿಟ್ಟಿಸಿದ. ಮೊದಲ ಕೆಲವು ಪಂದ್ಯಗಳು ತಡವರಿಸಿದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಓಟದ ಗಣಿತ

ಸಾಮಾನ್ಯ ಓಟದ ಆಟದಲ್ಲಿ ಆಕ್ರಮಣಕ್ಕೆ ಇಬ್ಬರು ಲೆಕ್ಕಕ್ಕಿಲ್ಲ. ಚೆಂಡು ಹಿಡಿದವನು ಯಾರನ್ನೂ ತಡೆಯಲಾರ. ಚೆಂಡನ್ನು ಅವನ ಕೈಗಿಟ್ಟ ಕ್ವಾರ್ಟರ್‌ಬ್ಯಾಕ್ ಸುಮ್ಮನೆ ನಿಂತಿರುತ್ತಾನೆ. ಅಂದರೆ ಎದುರಿನ 11 ಜನರಿಗೆ ತಡೆಗಾರರು 9 ಮಾತ್ರ. ಈ ಕೊರತೆಯನ್ನು ತುಂಬುವ ಉಪಾಯವೇ ಝೋನ್ ರೀಡ್. ಎದುರಾಳಿ ಸಾಲಿನ ತುದಿಯಲ್ಲಿ ನಿಂತ ಡಿಫೆನ್ಸಿವ್ ಎಂಡ್‌ನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ತಾಗಿಸಿ ಹಿಡಿದುಕೊಂಡೇ ಆ ಎಂಡ್‌ನ ಭುಜವನ್ನು ನೋಡುತ್ತಾನೆ. ಎಂಡ್ ಒಳಗೆ ನುಗ್ಗಿ ರನ್ನಿಂಗ್ ಬ್ಯಾಕ್‌ನ ಬೆನ್ನುಹತ್ತಿದರೆ ಚೆಂಡನ್ನು ಎಳೆದುಕೊಂಡು ಅವನು ಖಾಲಿ ಬಿಟ್ಟ ಹೊರಬದಿಯಿಂದ ತಾನೇ ಓಡುತ್ತಾನೆ. ಎಂಡ್ ಹೊರಗೇ ನಿಂತರೆ ಚೆಂಡು ರನ್ನಿಂಗ್ ಬ್ಯಾಕ್‌ಗೆ. ಕಬಡ್ಡಿಯಲ್ಲಿ ರೈಡರ್ ಮೂಲೆಯವನ ಕಾಲು ಎತ್ತ ವಾಲುತ್ತದೆಂದು ಕಾದು, ಅದರ ವಿರುದ್ಧ ದಿಕ್ಕಿಗೆ ತಿರುಗಿದ ಹಾಗೆ. ಮುಟ್ಟದೆಯೇ ಒಬ್ಬ ಆಟದಿಂದ ಆಚೆ ಹೋದ, ಲೆಕ್ಕ ಸಮವಾಯಿತು.

ಇದು ಆಬರ್ನ್ ಕಂಡುಹಿಡಿದ ಆಟವಲ್ಲ, ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಪರಿಹಾರವೂ ಗೊತ್ತಿತ್ತು. ಎಂಡ್ ಒಳಗೆ ನುಗ್ಗುತ್ತಾನೆ, ಕ್ವಾರ್ಟರ್‌ಬ್ಯಾಕ್ ಮೋಸಹೋಗಿ ಚೆಂಡು ಎಳೆದುಕೊಳ್ಳುತ್ತಾನೆ, ಅಷ್ಟರಲ್ಲಿ ಡಿಫೆನ್ಸ್ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಸುತ್ತಿ ಹೊರಬದಿಗೆ ಬಂದು ಅವನನ್ನು ಕೆಡವುತ್ತಾನೆ. ಇದಕ್ಕೆ ಮಾಲ್ಜಾನ್ ಇಟ್ಟ ಮರು ಉತ್ತರ ಜೇ ಪ್ರಾಶ್. ಆತ ಎಂಡ್‌ನನ್ನು ತಡೆಯಲು ಹೋಗುವವನಂತೆ ಹೊರಟು, ಅವನ ಪಕ್ಕದಿಂದ ಬಾಗಿ ಹಾದು, ಹಿಂದೆ ಸುತ್ತಿ ಬರುವ ಲೈನ್‌ಬ್ಯಾಕರ್‌ಗೆ ಡಿಕ್ಕಿ ಕೊಡುತ್ತಿದ್ದ. ಅಂಕಪಟ್ಟಿಯಲ್ಲಿ ಪ್ರಾಶ್ ಹೆಸರು ಸಿಗುವುದೇ ಅಪರೂಪ. ಆ ಸೀಸನ್ನಿನ ವಿಡಿಯೊ ಹಾಕಿಕೊಂಡು ಅವನೊಬ್ಬನನ್ನೇ ನೋಡುತ್ತಾ ಹೋದರೆ ಮಾರ್ಷಲ್‌ನ ಅರ್ಧ ಓಟಗಳ ಗುಟ್ಟು ಅಲ್ಲೇ ಸಿಗುತ್ತದೆ.

ಅದಕ್ಕೂ ಡಿಫೆನ್ಸ್ ಬಳಿ ಒಂದು ಉತ್ತರ ಉಳಿದಿರುತ್ತದೆ: ಹಿಂದೆ ಕಾವಲಿರುವ ಸೇಫ್ಟಿಯನ್ನು ಮುಂದಕ್ಕೆ ತಂದು ಸಾಲಿಗೆ ಸೇರಿಸುವುದು. ಆಗ ಮೈದಾನದ ಅಂಚಿನಲ್ಲಿ ಪಾಸ್ ಹಿಡಿಯುವ ರಿಸೀವರ್ ಎದುರು ಅವನನ್ನು ಕಾಯುವ ಕಾರ್ನರ್‌ಬ್ಯಾಕ್ ಒಬ್ಬನೇ. ಆಬರ್ನ್‌ನ ಸ್ಯಾಮಿ ಕೋಟ್ಸ್ ಆ ವರ್ಷ ಹಿಡಿದದ್ದು 42 ಪಾಸ್ ಮಾತ್ರ. ಅವುಗಳಿಂದ ಬಂದದ್ದು 902 ಗಜ, ಒಂದೊಂದಕ್ಕೆ 21 ಗಜಕ್ಕೂ ಮೇಲೆ. ಮಾರ್ಷಲ್ ತಾನು ಆಡಿದ 13 ಪಂದ್ಯಗಳಲ್ಲಿ ಎಸೆದದ್ದು 239 ಪಾಸ್, ಪಂದ್ಯಕ್ಕೆ ಸುಮಾರು 18. ಪಾಸ್ ಅಪರೂಪ, ಬಂದಾಗ ಉದ್ದ. ಓಟ ಚೆನ್ನಾಗಿ ನಡೆದಷ್ಟೂ ಅಂಚಿನಲ್ಲಿ ಕೋಟ್ಸ್ ಒಂಟಿಯಾಗುತ್ತಿದ್ದ.

ಇದರ ಜೊತೆಗೆ ವೇಗ. ಒಂದು ಆಟ ಮುಗಿದ ಮೇಲೆ ಗುಂಪುಗೂಡಿ ಮಾತಾಡದೆ, ಅಂಚಿನಿಂದ ಬಂದ ಸನ್ನೆ ನೋಡಿಕೊಂಡು ಸೀದಾ ಸಾಲುಗಟ್ಟುವುದು. ಆಕ್ರಮಣ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಅಂಪೈರ್ ಸಮಯ ಕೊಡಲೇಬೇಕು, ಬದಲಿಸದಿದ್ದರೆ ಕೊಡಬೇಕಿಲ್ಲ. ಪ್ರಾಶ್ ಒಬ್ಬನೇ ಫುಲ್‌ಬ್ಯಾಕ್ ಆಗಿಯೂ ಸಾಲಿನ ತುದಿಯ ಟೈಟ್ ಎಂಡ್ ಆಗಿಯೂ ನಿಲ್ಲಬಲ್ಲವನಾದ್ದರಿಂದ ಆಬರ್ನ್‌ಗೆ ಬದಲಿಸುವ ಅಗತ್ಯ ಬೀಳುತ್ತಿರಲಿಲ್ಲ. 130-140 ಕಿಲೋ ತೂಗುವ ಡಿಫೆನ್ಸಿವ್ ಲೈನಿನವರು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರೂ ಹೊರಗೆ ಹೋಗುವಂತಿರಲಿಲ್ಲ. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೂರನೆಯದರ ಹೊತ್ತಿಗೆ ಮೂರು ಗಜದ ಓಟಗಳು ಎಂಟು ಗಜದವಾಗುತ್ತಿದ್ದುದು ಹೀಗೆ.

ಈ ಯಂತ್ರ ಕೈಕೊಡುವುದು ಎಲ್ಲಿ? ಮುಖ್ಯವಾಗಿ ಎರಡು ಕಡೆ. ಚೆಂಡು ಇಬ್ಬರ ಕೈಯಲ್ಲೂ ಇರುವ ಆ ಅರೆಕ್ಷಣದಲ್ಲಿ ಒಬ್ಬ ಬಿಟ್ಟು ಇನ್ನೊಬ್ಬ ಹಿಡಿಯದಿದ್ದರೆ ಚೆಂಡು ನೆಲಕ್ಕೆ. ಎರಡನೆಯದು ಇನ್ನೂ ದೊಡ್ಡದು. ಮೊದಲ ಎರಡು ಡೌನ್‌ಗಳಲ್ಲಿ ಓಟ ನಿಂತು ಮೂರನೆಯದರಲ್ಲಿ 10 ಗಜಕ್ಕೂ ಹೆಚ್ಚು ಬೇಕಾದರೆ ಎಲ್ಲರಿಗೂ ಗೊತ್ತು, ಬರುವುದು ಪಾಸ್. ಆಗ ಎಂಡ್‌ಗೆ ಕೇಳಲು ಯಾವ ಪ್ರಶ್ನೆಯೂ ಉಳಿದಿರುವುದಿಲ್ಲ. ಮಾರ್ಷಲ್ ಅಂಥ ಡೌನ್‌ಗಳ ಕ್ವಾರ್ಟರ್‌ಬ್ಯಾಕ್ ಆಗಿರಲಿಲ್ಲ.

ಸೆಪ್ಟೆಂಬರ್: ಯಾವ ತಂಡವೆಂದು ಗೊತ್ತಾಗದ ದಿನಗಳು

ಮೊದಲ ಪಂದ್ಯದಲ್ಲಿ ವಾಷಿಂಗ್ಟನ್ ಸ್ಟೇಟ್ ವಿರುದ್ಧ 31-24. ಆಟ ಶುರುಮಾಡಲು ಎದುರಾಳಿ ಒದ್ದ ಒಂದು ಕಿಕ್‌ಆಫ್ ಅನ್ನು ಮೇಸನ್ ಹಿಡಿದು 100 ಗಜ ಓಡಿದ. ರೋಬೆನ್ಸನ್ ಥೆರೆಝಿ ಎರಡು ಪಾಸ್ ಕದ್ದ. ಆಕ್ರಮಣ ಗೆಲ್ಲಿಸಿದ ಪಂದ್ಯ ಎನ್ನಲಾಗದು. ಮೂರನೆಯದರಲ್ಲಿ ಮಿಸಿಸಿಪಿ ಸ್ಟೇಟ್ ವಿರುದ್ಧ ಕೊನೆಗೆ 88 ಗಜ ಸಾಗಿ, 10 ಸೆಕೆಂಡ್ ಉಳಿದಿದ್ದಾಗ ಸಿ. ಜೆ. ಉಝೋಮಾಗೆ 11 ಗಜದ ಟಚ್‌ಡೌನ್ ಪಾಸ್, 24-20. ಕಾನ್ಫರೆನ್ಸ್‌ನಲ್ಲಿ ಹಿಂದಿನ ವರ್ಷ ಒಂದೂ ಗೆಲ್ಲದವರಿಗೆ ಇದು ದೊಡ್ಡದೇ. ಆದರೂ ತಂಡ ತಾನು ಏನೆಂದು ಕಂಡುಕೊಂಡದ್ದು ಮರುವಾರದ ಸೋಲಿನಲ್ಲಿ.

ಸೆಪ್ಟೆಂಬರ್ 21, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ವಿರುದ್ಧ ಬ್ಯಾಟನ್ ರೂಜ್‌ನಲ್ಲಿ. ಅರ್ಧವೇಳೆಗೆ 0-21. ಮುಗಿದದ್ದು 21-35. ಅಂದರೆ ಎರಡನೇ ಅರ್ಧವನ್ನಷ್ಟೇ ಎಣಿಸಿದರೆ ಆಬರ್ನ್ 21, ಎಲ್‌ಎಸ್‌ಯು 14. ಆ ಅರ್ಧದಲ್ಲಿ ಮಾಲ್ಜಾನ್ ಓಟವನ್ನೇ ನೆಚ್ಚಿ ಆಡಿಸಿದರು. ಮುಂದಿನ ಶನಿವಾರ ಬಿಡುವು. ಎರಡು ವಾರದ ಅಭ್ಯಾಸದ ನಂತರ ಓಲ್ ಮಿಸ್ ವಿರುದ್ಧ ಇಳಿದಾಗ ಮಾರ್ಷಲ್ ತಾನೇ 140 ಗಜ ಓಡಿದ, 30-22. ಮಾರ್ಷಲ್ ಓಡುತ್ತಾನೆ ಎಂಬ ಹೆದರಿಕೆ ಹುಟ್ಟಿದ ಮೇಲೆಯೇ ಮೇಸನ್‌ಗೆ ದಾರಿ ಬಿಡುವುದು. ಝೋನ್ ರೀಡ್ ಆಡುವ ಎಷ್ಟೋ ತಂಡಗಳು ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾದೀತೆಂದು ಅವನನ್ನು ಓಡಿಸುವುದಿಲ್ಲ, ನಟನೆಗಷ್ಟೇ ಇಡುತ್ತವೆ. ಎದುರಾಳಿಗೆ ಅದು ಎರಡೇ ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಅಕ್ಟೋಬರ್ 19ರಂದು ಕಾಲೇಜ್ ಸ್ಟೇಷನ್‌ನಲ್ಲಿ ಏಳನೇ ಶ್ರೇಯಾಂಕದ ಟೆಕ್ಸಸ್ ಎ ಅಂಡ್ ಎಂ. ಅವರ ಕ್ವಾರ್ಟರ್‌ಬ್ಯಾಕ್ ಜಾನಿ ಮಾನ್ಝೆಲ್ 454 ಗಜ ಪಾಸ್ ಎಸೆದ. ಆಬರ್ನ್ 379 ಗಜ ಓಡಿತು. 1 ನಿಮಿಷ 19 ಸೆಕೆಂಡ್ ಇದ್ದಾಗ ಮೇಸನ್ ಐದು ಗಜದಿಂದ ಒಳನುಗ್ಗಿದ, ಆಮೇಲೆ ಡೀ ಫೋರ್ಡ್ ನಾಲ್ಕನೇ ಡೌನ್‌ನಲ್ಲಿ ಮಾನ್ಝೆಲ್‌ನನ್ನು ಕೆಡವಿದ. 45-41. ಇಡೀ ಸೀಸನ್ನಿನ ಒಳ್ಳೆಯದೂ ಕೆಟ್ಟದ್ದೂ ಈ ಒಂದೇ ಪಂದ್ಯದಲ್ಲಿದೆ: ತಡೆಯಲಾಗದ ಓಟ, ಸೋರುವ ಪಾಸ್ ಡಿಫೆನ್ಸ್, ಕೊನೆಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬಲ್ಲ ಒಬ್ಬ ಒಳ್ಳೆಯ ರಷರ್.

ನಡುವಿನ ಪಂದ್ಯಗಳಲ್ಲಿ ಹೇಳುವಂಥದ್ದು ಕಡಿಮೆ. ವೆಸ್ಟರ್ನ್ ಕ್ಯಾರೊಲಿನಾ 62-3, ಫ್ಲಾರಿಡಾ ಅಟ್ಲಾಂಟಿಕ್ 45-10, ಅರ್ಕಾನ್ಸಾ 35-17. ಟೆನೆಸಿ ಪಂದ್ಯ ಮಾತ್ರ ಒಂದು ವಿಚಿತ್ರ: ಮಾರ್ಷಲ್ ಎಸೆದದ್ದು ಏಳೇ ಪಾಸ್, ಗುರಿ ಸೇರಿದ್ದು ಮೂರು, 35 ಗಜ. ಓಡಿದ್ದು 214. ತಂಡದ ಒಟ್ಟು ಓಟ 444 ಗಜ, ಅಂಕ 55-23.

ಜಾರ್ಜಿಯಾ: ಶುದ್ಧ ಅದೃಷ್ಟ

ನವೆಂಬರ್ 16. ನಾಲ್ಕನೇ ಕ್ವಾರ್ಟರ್‌ನಲ್ಲಿ ಆಬರ್ನ್ 37-17 ಮುಂದಿತ್ತು. ಜಾರ್ಜಿಯಾದ ಆರನ್ ಮರ್ರೆ ಸತತ ಮೂರು ಟಚ್‌ಡೌನ್ ಕಟ್ಟಿ, 1:49 ಉಳಿದಿದ್ದಾಗ 38-37 ಮಾಡಿದ. ಅವನ ಒಟ್ಟು ಪಾಸ್ 415 ಗಜ. ಮುನ್ನಡೆ ಕಾಯುವಾಗ ಗಡಿಯಾರ ಓಡಿಸಬೇಕು, ಅದಕ್ಕೆ ಮೊದಲ ಡೌನ್‌ಗಳು ಬೇಕು. ಎದುರಾಳಿ ಓಟವನ್ನೇ ಕಾದು ಕೂತಾಗ ಆಬರ್ನ್‌ಗೆ ಅವು ಸಿಗಲಿಲ್ಲ.

ಕೊನೆಗೆ ತನ್ನದೇ 27ನೇ ಗಜದಲ್ಲಿ (ತನ್ನ ತುದಿಯ ಗೆರೆಯಿಂದ 27 ಗಜ ದೂರ) ನಾಲ್ಕನೇ ಡೌನ್, ಬೇಕಾದದ್ದು 18 ಗಜ. ಈ ತಂಡಕ್ಕೆ ಎಲ್ಲಕ್ಕಿಂತ ಕೆಟ್ಟ ಪರಿಸ್ಥಿತಿ. ಮಾರ್ಷಲ್ ಚೆಂಡನ್ನು ರಿಕಾರ್ಡೊ ಲೂಯಿಸ್ ಇದ್ದ ಕಡೆಗೆ, ಇಬ್ಬರು ಸೇಫ್ಟಿಗಳ ನಡುವೆ, ದೂರ ಎಸೆದ. ಅದು ತಪ್ಪು ಎಸೆತ. ಅದಕ್ಕಿಂತ ಹತ್ತಿರದಲ್ಲಿ ಕೋಟ್ಸ್ ಖಾಲಿ ಇದ್ದ. ಸೇಫ್ಟಿಗಳು ಮಾಡಬೇಕಿದ್ದದ್ದು ಒಂದೇ, ಚೆಂಡನ್ನು ನೆಲಕ್ಕೆ ಬಡಿಯುವುದು. ನಾಲ್ಕನೇ ಡೌನ್‌ನಲ್ಲಿ ಪಾಸ್ ಹಿಡಿದು ಕದಿಯುವುದರಿಂದ ಲಾಭವಿಲ್ಲ. ಕೆಳಗೆ ಬಿದ್ದರೂ ಚೆಂಡು ಅವರದ್ದೇ. ಇಬ್ಬರೂ ಹಿಡಿಯಲು ಹಾರಿದರು, ಚೆಂಡು ಮೇಲಕ್ಕೆ ಪುಟಿದು ಮುಂದೆ ಓಡುತ್ತಿದ್ದ ಲೂಯಿಸ್‌ನ ಭುಜದ ಮೇಲಿಂದ ಕೈಗೆ ಬಿತ್ತು. 73 ಗಜ, 25 ಸೆಕೆಂಡ್ ಬಾಕಿ, 43-38. ಅದಾದ ಮೇಲೂ ಜಾರ್ಜಿಯಾ ಆಬರ್ನ್‌ನ 20ನೇ ಗಜದವರೆಗೆ ಬಂತು ಎಂಬುದನ್ನು ಜನ ಮರೆಯುತ್ತಾರೆ. ಈ ಪಂದ್ಯಕ್ಕೆ ಯೋಜನೆಯ ವಿವರಣೆ ಹುಡುಕುವುದು ದಂಡ.

ಅಲಬಾಮಾ: ಅಷ್ಟೊಂದು ಅದೃಷ್ಟವಲ್ಲ

ಎರಡು ವಾರಗಳ ನಂತರ, ನವೆಂಬರ್ 30ರಂದು, ಅಲಬಾಮಾ. ಸತತ ಎರಡು ವರ್ಷ ರಾಷ್ಟ್ರೀಯ ಚಾಂಪಿಯನ್, ಆ ವರ್ಷ ಸೋಲೇ ಕಾಣದ ಮೊದಲ ಶ್ರೇಯಾಂಕದ ತಂಡ. ಗೆದ್ದವರಿಗೆ ಪಶ್ಚಿಮ ವಿಭಾಗ. ಜೋರ್ಡನ್-ಹೇರ್ ಸ್ಟೇಡಿಯಂ ತುಂಬ 87,451 ಜನ.

ನಾಲ್ಕನೇ ಕ್ವಾರ್ಟರ್ ಶುರುವಿನಲ್ಲಿ ಅಲಬಾಮಾದ ಎ. ಜೆ. ಮೆಕ್ಯಾರನ್ ಎಸೆದ 99 ಗಜದ ಪಾಸ್ ಅಮಾರಿ ಕೂಪರ್ ಕೈಸೇರಿ 28-21. ಆಮೇಲಿನ ಹತ್ತು ನಿಮಿಷ ಅಲಬಾಮಾ ಪಂದ್ಯವನ್ನು ಮುಗಿಸಿಬಿಡಬಹುದಿತ್ತು. ಮುಗಿಸಲಿಲ್ಲ. ಅಂದು ಅವರ ಕಿಕ್ಕರ್‌ನ ಮೂರು ಫೀಲ್ಡ್ ಗೋಲ್ ಯತ್ನಗಳು ವ್ಯರ್ಥವಾದವು, ಅದರಲ್ಲೊಂದನ್ನು ಆಬರ್ನ್ ತಡೆದದ್ದು. ಕಿಕ್ಕರ್ ಮೇಲೆ ಭರವಸೆ ಹೋದದ್ದರಿಂದ ಆಬರ್ನ್‌ನ 13ನೇ ಗಜದಲ್ಲಿ ನಾಲ್ಕನೇ ಡೌನ್, ಒಂದು ಗಜ ಬೇಕಿದ್ದಾಗ ಓಡಲು ಹೋದರು. ಆಬರ್ನ್ ಸಾಲು ನಿಲ್ಲಿಸಿತು. ಒಂದು ಕೈಕೊಟ್ಟ ಕಾಲಿನಿಂದ ಮುಂದಿನ ನಿರ್ಧಾರಗಳೆಲ್ಲ ಬಾಗುತ್ತ ಹೋದವು.

2:32 ಇದ್ದಾಗ ಚೆಂಡು ಆಬರ್ನ್‌ಗೆ, ತನ್ನ 35ನೇ ಗಜದಲ್ಲಿ. ಏಳು ಅಂಕ ಹಿಂದೆ ಇದ್ದು, ಎರಡೂವರೆ ನಿಮಿಷ ಉಳಿದ ತಂಡ ಪಾಸ್ ಎಸೆಯುತ್ತದೆ, ಅದು ರೂಢಿ. ಮಾಲ್ಜಾನ್ ಸತತ ಆರು ಬಾರಿ ಮೇಸನ್ ಕೈಗೆ ಚೆಂಡು ಕೊಡಿಸಿದರು. ಏಳನೇ ಬಾರಿ ಅದೇ ಸಾಲು, ಅದೇ ಆರಂಭ. ಮಾರ್ಷಲ್ ಚೆಂಡು ಎಳೆದುಕೊಂಡು ಎಡಕ್ಕೆ ಓಡಿದ. ಆರು ಓಟ ನೋಡಿದ್ದ ಕಾರ್ನರ್‌ಬ್ಯಾಕ್ ಕೋಟ್ಸ್‌ನನ್ನು ಬಿಟ್ಟು ಅವನತ್ತ ಮುಂದೆ ಬಂದ. ಆಟ ಶುರುವಾದ ಗೆರೆ ದಾಟಲು ಒಂದು ಹೆಜ್ಜೆ ಇರುವಾಗ ಮಾರ್ಷಲ್ ಚೆಂಡನ್ನು ಅವನ ತಲೆಯ ಮೇಲಿಂದ ಎಸೆದ. ಕೋಟ್ಸ್ ಸುತ್ತ ಯಾರೂ ಇಲ್ಲ. 39 ಗಜ, 28-28, ಬಾಕಿ 32 ಸೆಕೆಂಡ್.

ಇಲ್ಲಿ ಒಂದು ನಿಯಮದ ಸೂಕ್ಷ್ಮವಿದೆ. ಪಾಸ್ ಎಸೆಯುವಾಗ ಮುಂಚೂಣಿಯ ತಡೆಗಾರರು ಗೆರೆಯಿಂದ ಹೆಚ್ಚು ಮುಂದೆ ಹೋಗಿರಬಾರದು. ಕಾಲೇಜು ಆಟದಲ್ಲಿ ಮೂರು ಗಜದವರೆಗೆ ಸೈ, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಆ ಎರಡು ಗಜದ ವ್ಯತ್ಯಾಸದಿಂದಲೇ ತಡೆಗಾರರು ಓಟಕ್ಕೆಂದು ನುಗ್ಗುತ್ತಿರುವಾಗ ಪಾಸ್ ಎಸೆಯಲು ಸಾಧ್ಯವಾಗುವುದು. ತಡೆಗಾರರು ಮುಂದೆ ಬಂದರೆ ಓಟ ಎಂದು ಓದುವುದನ್ನು ಡಿಫೆನ್ಸ್‌ಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಈ ಆಟದಲ್ಲಿ ಆ ಪಾಠವೇ ಅವರನ್ನು ದಾರಿ ತಪ್ಪಿಸುತ್ತದೆ. ಅಂದು ತಡೆಗಾರರು ಮೂರು ಗಜ ದಾಟಿದ್ದರೇ ಎಂಬ ವಾದ ಇಂದಿಗೂ ಮುಗಿದಿಲ್ಲ. ತಪ್ಪಿಗೆ ಅಂಪೈರ್ ಎಸೆಯುವ ಧ್ವಜ ಬೀಳಲಿಲ್ಲ, ಅಷ್ಟೇ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಭಾಗ. ಅಲಬಾಮಾದ ಓಟವೊಂದು ಆಬರ್ನ್‌ನ 38ನೇ ಗಜದ ಬಳಿ ಮುಗಿದಾಗ ಗಡಿಯಾರ ಸೊನ್ನೆ ತೋರಿಸಿತು. ಕೋಚ್ ನಿಕ್ ಸೇಬನ್ ಕೇಳಿದರು, ವಿಡಿಯೊ ಪರಿಶೀಲಿಸಿ ಒಂದು ಸೆಕೆಂಡ್ ವಾಪಸ್ ಕೊಟ್ಟರು. 57 ಗಜದ ಫೀಲ್ಡ್ ಗೋಲ್‌ಗೆ ಬೇರೆ ಕಿಕ್ಕರ್, ಹೊಸಬ ಆಡಂ ಗ್ರಿಫಿತ್. ಆಬರ್ನ್ ಟೈಮ್‌ಔಟ್ ಕರೆಯಿತು. ಸಾಮಾನ್ಯವಾಗಿ ಇದು ಕಿಕ್ಕರ್‌ನ ಧೈರ್ಯ ಕೆಡಿಸುವ ತಂತ್ರ. ಆದರೆ ಆ ಬಿಡುವಿನಲ್ಲಿ ಮಾಲ್ಜಾನ್ ಕಂಬಗಳ ಕೆಳಗೆ ನಿಂತಿದ್ದ ಆಟಗಾರನನ್ನು ತೆಗೆದು ಪಂಟ್ ಹಿಡಿದು ಓಡುವ ಕ್ರಿಸ್ ಡೇವಿಸ್‌ನನ್ನು ಅಲ್ಲಿ ನಿಲ್ಲಿಸಿದರು.

ಲೆಕ್ಕ ಹೀಗಿತ್ತು. 57 ಗಜದ ಕಿಕ್ ಕುಂಟುವ ಸಾಧ್ಯತೆ ಹೆಚ್ಚು. ಕುಂಟಿದ ಕಿಕ್ಕನ್ನು ನೆಲ ಮುಟ್ಟುವ ಮುನ್ನ ಹಿಡಿದರೆ ಆಟ ಜೀವಂತ. ಫೀಲ್ಡ್ ಗೋಲ್ ಆಡುವ 11 ಜನರಲ್ಲಿ ಬಹುಪಾಲು ಭಾರೀ ಮೈಯ ತಡೆಗಾರರು. ಚೆಂಡಿಗೆ ಅಡ್ಡ ಬರುವವರನ್ನು ತಡೆಯಲು ಭುಜಕ್ಕೆ ಭುಜ ತಾಗಿಸಿ ನಡುವಿನಲ್ಲಿ ಒತ್ತಾಗಿ ನಿಂತಿರುತ್ತಾರೆ. ಮೈದಾನದ ಎರಡೂ ಅಂಚು ಖಾಲಿ. ಕಿಕ್ ಹೋದ ಕೂಡಲೇ ಬೀಸಣಿಗೆಯಾಕಾರದಲ್ಲಿ ಹರಡಿಕೊಳ್ಳಬೇಕೆಂಬುದು ಪಾಠ, ಆದರೆ ಎಲ್ಲರ ಕಣ್ಣೂ ಚೆಂಡಿನ ಮೇಲೆ. ಅತ್ತ ಆಬರ್ನ್ ಕಡೆ ಇದ್ದವರು ವೇಗದ ಡಿಫೆನ್ಸ್ ಆಟಗಾರರು. ಡೇವಿಸ್ ಕಂಬದ ಕೆಳಗೆ ಹಿಡಿದು, ಒಂದೆರಡು ಹೆಜ್ಜೆ ನಡುವಿಗೆ ಇಟ್ಟು, ಎಡ ಅಂಚಿಗೆ ತಿರುಗಿದ. ಅಷ್ಟರಲ್ಲಿ ಅಲ್ಲಿ ಆಬರ್ನ್ ಗೋಡೆ ಕಟ್ಟಿತ್ತು. ಓಡಿದ್ದು 109 ಗಜದಷ್ಟು, ದಾಖಲೆಯಲ್ಲಿ 100. ಅಂಕ 34-28.

ಕಿಕ್ ಕುಂಟಿದ್ದು ಅದೃಷ್ಟವೇ. ಆದರೆ ಅದು ಬೀಳುವ ಜಾಗದಲ್ಲಿ ಸರಿಯಾದ ಮನುಷ್ಯ ನಿಂತಿದ್ದ, ಅಲಬಾಮಾ ಆ ಜಾಗಕ್ಕೆ ಓಡಬಲ್ಲವರನ್ನು ಇಟ್ಟಿರಲಿಲ್ಲ. ಜಾರ್ಜಿಯಾ ಪಂದ್ಯವನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಅಂದಹಾಗೆ, ಗೆದ್ದಾಗ ಟಾಯ್ಲೆಟ್ ಪೇಪರ್ ಸುರುಳಿ ಎಸೆದು ಸಂಭ್ರಮಿಸುತ್ತಿದ್ದ ಟೂಮರ್ಸ್ ಕಾರ್ನರ್‌ನ ಹಳೇ ಓಕ್ ಮರಗಳು ಆಗ ಇರಲಿಲ್ಲ. ಅಲಬಾಮಾ ಅಭಿಮಾನಿಯೊಬ್ಬ ವಿಷ ಹಾಕಿದ್ದರಿಂದ ಆ ವರ್ಷದ ಏಪ್ರಿಲ್‌ನಲ್ಲೇ ಕಡಿದಿದ್ದರು. ಜನ ಅಲ್ಲಿ ಕಟ್ಟಿದ್ದ ತಂತಿಗಳ ಮೇಲೆ ಎಸೆದರು.

ಅಟ್ಲಾಂಟಾ, ಪ್ಯಾಸಡೀನಾ

ಅಲಬಾಮಾ, ಆಬರ್ನ್ ಇಬ್ಬರದೂ ಕಾನ್ಫರೆನ್ಸ್‌ನಲ್ಲಿ 7-1. ಪರಸ್ಪರ ಪಂದ್ಯದ ಲೆಕ್ಕದಲ್ಲಿ ವಿಭಾಗ ಆಬರ್ನ್‌ಗೆ. ಡಿಸೆಂಬರ್ 7ರಂದು ಜಾರ್ಜಿಯಾ ಡೋಮ್‌ನಲ್ಲಿ ಮಿಸೌರಿ. ಮೈಕಲ್ ಸ್ಯಾಮ್, ಕೋನಿ ಈಲಿ ಎಂಬ ಇಬ್ಬರು ಎಂಡ್‌ಗಳು ಅವರ ದೊಡ್ಡ ಬಲ. ಆಬರ್ನ್ ಅವರನ್ನು ತಡೆಯುವ ಬದಲು ಪ್ರಶ್ನೆ ಕೇಳುತ್ತಾ ಹೋಯಿತು. ಅವರು ಮಾರ್ಷಲ್‌ಗೆ ಕಾದು ಹೊರಗೆ ನಿಂತಷ್ಟೂ ಮೇಸನ್‌ಗೆ ಒಳದಾರಿ. ಮೇಸನ್ 46 ಬಾರಿ ಚೆಂಡು ಹೊತ್ತು 304 ಗಜ, ನಾಲ್ಕು ಟಚ್‌ಡೌನ್. ತಂಡದ ಓಟ 545 ಗಜ. ಅಂಕ 59-42. ಗೆದ್ದವರು 42 ಬಿಟ್ಟುಕೊಟ್ಟರು ಎಂಬುದನ್ನೂ ಓದಿಕೊಳ್ಳಿ. ಅದೇ ರಾತ್ರಿ ಎರಡನೇ ಶ್ರೇಯಾಂಕದ ಓಹಾಯೊ ಸ್ಟೇಟ್ ಮಿಷಿಗನ್ ಸ್ಟೇಟ್‌ಗೆ 24-34ರಿಂದ ಸೋತು, ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ ನಡೆಯಲಿದ್ದ ಪ್ಯಾಸಡೀನಾದ ದಾರಿ ತೆರೆಯಿತು. ಆಬರ್ನ್ ಕೈಯಲ್ಲಿ ಇಲ್ಲದ ಸಂಗತಿ ಅದು.

2014ರ ಜನವರಿ 6, ರೋಸ್ ಬೌಲ್ ಸ್ಟೇಡಿಯಂ, ಒಂದೂ ಸೋಲದ ಫ್ಲಾರಿಡಾ ಸ್ಟೇಟ್. ಪಂದ್ಯಗಳ ನಡುವೆ 30 ದಿನ. ಓಟದ ಒಂದೇ ಪ್ರಶ್ನೆಯನ್ನು ವಾರಕ್ಕೊಬ್ಬರಿಗೆ ಕೇಳುವ ತಂಡಕ್ಕೆ ಎದುರಾಳಿಗೆ ಅಷ್ಟು ದಿನ ಸಿಗುವುದು ಒಳ್ಳೆಯದಲ್ಲ. ಫ್ಲಾರಿಡಾ ಸ್ಟೇಟ್‌ನ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಜೆರೆಮಿ ಪ್ರೂಯಿಟ್ ಹಿಂದಿನ ವರ್ಷದವರೆಗೆ ಅಲಬಾಮಾದಲ್ಲಿದ್ದವರು ಬೇರೆ. ಆದರೂ ಆಬರ್ನ್ 21-3 ಮುಂದೆ ಹೋಯಿತು.

ತಿರುಗಿದ್ದು ಒಂದು ಸಣ್ಣ ಆಟದಲ್ಲಿ. ಫ್ಲಾರಿಡಾ ಸ್ಟೇಟ್‌ಗೆ ತನ್ನದೇ 40ನೇ ಗಜದಲ್ಲಿ ನಾಲ್ಕನೇ ಡೌನ್, ನಾಲ್ಕು ಗಜ ಬೇಕು. ಫ್ಲಾರಿಡಾ ಸ್ಟೇಟ್ ಪಂಟ್ ಮಾಡುವಂತೆ ನಿಂತು ಕಾರ್ಲೋಸ್ ವಿಲಿಯಮ್ಸ್ ಕೈಗೆ ಚೆಂಡು ಕೊಟ್ಟಿತು, ಏಳು ಗಜ. ಆ ಸರಣಿ ಟಚ್‌ಡೌನ್‌ನಲ್ಲಿ ಮುಗಿದು ಅರ್ಧವೇಳೆಗೆ 21-10. ಎರಡನೇ ಅರ್ಧದಲ್ಲಿ ಅವರು ತಮ್ಮ ಸನ್ನೆಗಳನ್ನು ಟವೆಲ್ ಹಿಡಿದು ಮರೆಮಾಡಿಕೊಂಡರು. ಆಬರ್ನ್‌ನ ಸಹಾಯಕ ಕೋಚ್ ಒಬ್ಬರು ಹಿಂದಿನ ವರ್ಷ ಅವರಲ್ಲೇ ಇದ್ದವರು. ಆ ಅರ್ಧದಲ್ಲಿ ಆಬರ್ನ್ ಗಳಿಸಿದ್ದು 10. ಕರ್ಮಿಟ್ ವಿಟ್‌ಫೀಲ್ಡ್ ಒಂದು ಕಿಕ್‌ಆಫ್ ಅನ್ನು 100 ಗಜ ಓಡಿಸಿದ. ಇಡೀ ವರ್ಷ ಆಬರ್ನ್‌ಗೆ ಪಂದ್ಯ ಗೆದ್ದುಕೊಟ್ಟ ಕಿಕ್‌ನ ಆಟದಲ್ಲೇ ಕೊನೆಗೆ ಏಟು ಬಿತ್ತು.

ಮೇಸನ್ 37 ಗಜ ಓಡಿ 31-27 ಮಾಡಿದಾಗ ಉಳಿದದ್ದು 1:19, ಟೆಕ್ಸಸ್‌ನಲ್ಲಿ ಉಳಿದಿದ್ದಷ್ಟೇ. ಅಲ್ಲಿ ಫೋರ್ಡ್ ಉಳಿಸಿದ್ದ. ಇಲ್ಲಿ ಫ್ಲಾರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ 80 ಗಜವನ್ನು ಏಳು ಆಟದಲ್ಲಿ ದಾಟಿದ. ರಷಾದ್ ಗ್ರೀನ್ ಒಂದೇ ಪಾಸ್ ಹಿಡಿದು 49 ಗಜ ಓಡಿದ. ಗೆರೆಯ ಹತ್ತಿರ ಡೇವಿಸ್ ಮೇಲೆ ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯದಂತೆ ಅಡ್ಡಿಪಡಿಸಿದ) ದಂಡ ಬಿದ್ದು ಚೆಂಡು ಎರಡನೇ ಗಜಕ್ಕೆ ಬಂತು. 13 ಸೆಕೆಂಡ್ ಇದ್ದಾಗ ಎತ್ತರದ ಕೆಲ್ವಿನ್ ಬೆಂಜಮಿನ್‌ಗೆ ಮೇಲೆತ್ತಿದ ಪಾಸ್. 34-31. 2006ರಿಂದ ಸತತ ಏಳು ವರ್ಷ ರಾಷ್ಟ್ರೀಯ ಪ್ರಶಸ್ತಿ ಇಟ್ಟುಕೊಂಡಿದ್ದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಸರಣಿ ಅಲ್ಲಿ ಮುರಿಯಿತು.

ಲೆಕ್ಕ ಪುಸ್ತಕ

ಎಂಟು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದ ಪಂದ್ಯಗಳನ್ನು ಎಣಿಸಿ: ವಾಷಿಂಗ್ಟನ್ ಸ್ಟೇಟ್, ಮಿಸಿಸಿಪಿ ಸ್ಟೇಟ್, ಓಲ್ ಮಿಸ್, ಟೆಕ್ಸಸ್ ಎ ಅಂಡ್ ಎಂ, ಜಾರ್ಜಿಯಾ, ಅಲಬಾಮಾ ಗೆಲುವು, ಫ್ಲಾರಿಡಾ ಸ್ಟೇಟ್ ಸೋಲು. ಏಳರಲ್ಲಿ ಆರು ಗೆಲುವು ಯಾವ ತಂಡಕ್ಕೂ ವರ್ಷ ವರ್ಷ ದಕ್ಕುವುದಿಲ್ಲ. ಓಟದ ಲೆಕ್ಕ ಬೇರೆ: ಮೇಸನ್ 1,816 ಗಜ, 1985ರ ಬೋ ಜಾಕ್ಸನ್‌ನ 1,786 ಗಜದ ವಿಶ್ವವಿದ್ಯಾಲಯದ ದಾಖಲೆ ದಾಟಿದ್ದು, ಮಾರ್ಷಲ್ 1,068, ಕೋರಿ ಗ್ರ್ಯಾಂಟ್ 647, ಕ್ಯಾಮರನ್ ಆರ್ಟಿಸ್-ಪೇನ್ 610. ಇದು ಉಳಿಯುವಂಥದ್ದು, ಉಳಿಯಿತು ಕೂಡ. 2014ರಲ್ಲಿ ಮೇಸನ್, ರಾಬಿನ್ಸನ್ ಇಲ್ಲದೆಯೂ ಆರ್ಟಿಸ್-ಪೇನ್ 1,608 ಗಜ ಓಡಿ ಕಾನ್ಫರೆನ್ಸ್‌ಗೇ ಮೊದಲಿಗನಾದ. ಫೋರ್ಡ್ ಹೋದ ಮೇಲೆ ಡಿಫೆನ್ಸ್ ಮಾತ್ರ ಇನ್ನಷ್ಟು ಸೋರಿತು, ತಂಡ 8-5ಕ್ಕೆ ಇಳಿಯಿತು.

ಎದುರಾಳಿಗಳು ಮೈದಾನದಲ್ಲಿ ಸಿಗದ ಉತ್ತರವನ್ನು ನಿಯಮ ಪುಸ್ತಕದಲ್ಲಿ ಹುಡುಕಿದರು. 2014ರ ಫೆಬ್ರುವರಿಯಲ್ಲಿ, ಒಂದು ಆಟ ಮುಗಿದು ಮುಂದಿನದು ಶುರುವಾಗಲು ಇರುವ 40 ಸೆಕೆಂಡ್‌ನ ಗಡಿಯಾರದಲ್ಲಿ ಮೊದಲ 10 ಸೆಕೆಂಡ್ ಆಟ ಶುರುಮಾಡಬಾರದು, ಆ ಹೊತ್ತಿನಲ್ಲಿ ಡಿಫೆನ್ಸ್‌ಗೆ ಆಟಗಾರರನ್ನು ಬದಲಿಸಲು ಬಿಡಬೇಕು ಎಂಬ ಪ್ರಸ್ತಾವ ಬಂತು. ಕಾರಣ ಕೊಟ್ಟದ್ದು ಆಟಗಾರರ ಸುರಕ್ಷತೆ. ಸೇಬನ್ ಮತ್ತು ಅರ್ಕಾನ್ಸಾದ ಬ್ರೆಟ್ ಬೀಲೆಮಾ ಬೆಂಬಲಕ್ಕಿದ್ದರು, ಮಾಲ್ಜಾನ್ ಬಹಿರಂಗವಾಗಿ ವಿರೋಧಿಸಿದರು. ಮಾರ್ಚ್‌ನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಮರುವರ್ಷ ತಡೆಗಾರರ ಮೂರು ಗಜವನ್ನು ಒಂದು ಗಜಕ್ಕೆ ಇಳಿಸುವ ಪ್ರಸ್ತಾವ ಬಂತು, ಅದೂ ಜಾರಿಯಾಗಲಿಲ್ಲ.

2014ರ ನವೆಂಬರ್‌ನಲ್ಲಿ ಅದೇ ಅಲಬಾಮಾ ವಿರುದ್ಧ ಆಬರ್ನ್ ಒಟ್ಟು 630 ಗಜ ಗಳಿಸಿ 44-55ರಿಂದ ಸೋತಿತು. ಮರುದಿನ ಡಿಫೆನ್ಸ್ ಕೋಆರ್ಡಿನೇಟರ್ ಎಲ್ಲಿಸ್ ಜಾನ್ಸನ್ ಅವರನ್ನು ತೆಗೆದುಹಾಕಿ, ಆ ಜಾಗಕ್ಕೆ ವಿಲ್ ಮಸ್‌ಚಾಂಪ್ ಅವರನ್ನು ಕರೆತಂದರು.